ಕಣ್ಣಿಗೆ ಬಿಟ್ಟ ಹನಿ

ನಮ್ಮ ಅಜ್ಜನಿಗೆ ಎರಡು ಬೀಪಿ. ಒಂದು ಮೈಯ ಬೀಪಿ, ಇನ್ನೊಂದು ಕಣ್ಣಿನ ಬೀಪಿ. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಗ್ಲುಕೋಮಾ ಎಂಬ ಹೆಸರು ಯಾರ ನಾಲಿಗೆಗೂ ಹತ್ತಿಲ್ಲ. 'ಕಣ್ಣಿನ ಬೀಪಿ' ಎಂದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಮೈಯ ಬೀಪಿಗೆ ಗುಳಿಗೆ. ಅವು ಡಾಕ್ಟರ ಚೀಟಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಕಣ್ಣಿನ ಬೀಪಿಗೆ ಹನಿ. ಅದರ ಬಾಟಲಿ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಮೇಲೆ ಎರಡೂ ಕಣ್ಣಿಗೆ ಒಂದೊಂದು ಹನಿ, ರಾತ್ರಿ ಮಲಗುವ ಮುಂಚೆ ಮತ್ತೆ ಒಂದೊಂದು. ಅದು ಏಳು ವರ್ಷದ ಅಭ್ಯಾಸವಾಗಿತ್ತು.

ಎರಡು ವರ್ಷದ ಹಿಂದೆ ಮೈಯ ಬೀಪಿ ಹತೋಟಿಗೆ ಬರುತ್ತಿಲ್ಲವೆಂದು ಮೆಟೊಪ್ರೊಲಾಲ್ ಎಂಬ ಹೊಸ ಗುಳಿಗೆ ಸೇರಿಸಿದರು. ಎರಡು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಅಜ್ಜ ಹಿತ್ತಲಲ್ಲಿ ಕುಸಿದುಬಿದ್ದ. ಆಸ್ಪತ್ರೆಗೆ ಒಯ್ದಾಗ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸಿನಲ್ಲಿತ್ತು. ನನ್ನದೇ ವಯಸ್ಸಿನ ಡಾಕ್ಟರು ಗುಳಿಗೆಯ ಚೀಲ ಬಿಚ್ಚಿ ನೋಡಿ ಕೇಳಿದರು: "ಅಜ್ಜ, ಇವು ಬಿಟ್ಟು ಬ್ಯಾರೆ ಗುಳಿಗಿ ಏನಾದ್ರೂ ನುಂಗ್ತೀಯೇನು?"

"ಇಲ್ಲಪ್ಪ, ಇಷ್ಟೇ."

ಅಜ್ಜ ಸುಳ್ಳು ಹೇಳಿರಲಿಲ್ಲ. ಹನಿಯನ್ನು ಯಾರೂ ನುಂಗುವುದಿಲ್ಲ.

ಗಂಟು ಬಿಚ್ಚಿದ್ದು ರಾತ್ರಿ ಒಂಬತ್ತಕ್ಕೆ. ಅಜ್ಜ ನನ್ನನ್ನು ಕರೆದು, "ಗೂಡಿನ್ಯಾಗಿನ ಕಣ್ಣಿನ ಔಷಧಿ ತಂದಿಯೇನು?" ಎಂದ. ತಂದಿದ್ದೆ. ಡ್ರಿಪ್ ಬದಲಾಯಿಸಲು ಬಂದಿದ್ದ ಸಿಸ್ಟರ್ ಬಾಟಲಿಯನ್ನು ನನ್ನ ಕೈಯಿಂದ ಇಸಿದುಕೊಂಡು ಹೆಸರು ಓದಿದರು: ಟಿಮೊಲಾಲ್. ಹನಿ ಬಿಡಬೇಡಿ ಎಂದು ಹೇಳಿ ಡಾಕ್ಟರನ್ನು ಕರೆತರಲು ಹೋದರು. ಗುಳಿಗೆ, ಹನಿ ಎರಡೂ ಒಂದೇ ಕುಲದ ಔಷಧಿ ಎಂಬುದು ನನಗೆ ಗೊತ್ತಾದದ್ದು ಅವತ್ತು. ಎರಡೂ ಹೃದಯದ ಬಡಿತವನ್ನು ನಿಧಾನಗೊಳಿಸುವಂಥವು. ಒಂದು ಬಾಯಿಂದ ಹೋಗುತ್ತಿತ್ತು, ಇನ್ನೊಂದು ಕಣ್ಣಿಂದ.

ನಾನು ಇತಿಹಾಸದ ವಿದ್ಯಾರ್ಥಿ; ವೈದ್ಯ ನನ್ನ ಕ್ಷೇತ್ರವಲ್ಲ. ಆದರೆ ಕಣ್ಣಿಗೆ ಬಿಟ್ಟದ್ದು ಕಣ್ಣಿನಲ್ಲೇ ಉಳಿಯುತ್ತದೆ ಎಂಬ ನಂಬಿಕೆ ನಮಗೆಲ್ಲ ಎಲ್ಲಿಂದ ಬಂತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕ ಉತ್ತರ ಬೇರೆಯೇ ಆಗಿತ್ತು. ಗ್ಲುಕೋಮಾದ ಮೊದಲ ಹನಿ ಹುಟ್ಟಿದ್ದೇ ಎರಡು ಔಷಧಿಗಳ ಜಗಳದಿಂದ. ಆ ಎರಡರಲ್ಲಿ ಒಂದು ನಮ್ಮೂರ ತಿಪ್ಪೆಯ ಮೇಲೆಯೇ ಬೆಳೆಯುತ್ತದೆ.

ಅದು ಉಮ್ಮತ್ತಿ, ಅಂದರೆ ದತ್ತೂರ. ಶಿವನಿಗೆ ಪ್ರಿಯವಾದ ಹೂವು, ದನಗಳು ಮೂಸಿ ನೋಡಿ ಬಿಟ್ಟುಹೋಗುವ ಗಿಡ. ಅದರ ಬೀಜ, ಎಲೆ, ರಸ ಎಲ್ಲದರಲ್ಲೂ ಅಟ್ರೊಪಿನ್ ಮತ್ತು ಅದರ ಸೋದರ ರಾಸಾಯನಿಕಗಳಿವೆ. ಯುರೋಪಿನ ಬೆಲಡೋನಾ ಗಿಡದಲ್ಲಿರುವುದೂ ಅವೇ. ಉಮ್ಮತ್ತಿಯ ರಸ ತಾಗಿದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣಿನ ಪಾಪೆ ಅಗಲವಾಗಿ ಬಿಚ್ಚಿಕೊಂಡು ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ವೈದ್ಯರು ಈ ಗುಣವನ್ನೇ ಬಳಸಿಕೊಂಡು ಕಣ್ಣಿನ ಒಳಗನ್ನು ಪರೀಕ್ಷಿಸುತ್ತಿದ್ದರು. 1868ರಲ್ಲಿ ಬಂದ ಇಂಡಿಯಾದ ಫಾರ್ಮಾಕೋಪಿಯಾದಲ್ಲಿ ದತ್ತೂರಕ್ಕೂ ಜಾಗ ಸಿಕ್ಕಿತು.

ಇದೇ ಗಿಡಕ್ಕೆ ಇನ್ನೊಂದು ಉಪಯೋಗವಿತ್ತು. ಒಣಗಿಸಿದ ದತ್ತೂರದ ಹೊಗೆ ಎಳೆದರೆ ಉಬ್ಬಸ ಇಳಿಯುತ್ತದೆ ಎಂಬುದು ಈ ದೇಶದ ಹಳೆಯ ತಿಳಿವಳಿಕೆ. ಅದನ್ನು ಮದರಾಸಿನಲ್ಲಿ ಕಂಪನಿಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಕಲಿತ. 1802ರ ಹೊತ್ತಿಗೆ ಆ ಪದ್ಧತಿ ಮದರಾಸಿನಿಂದ ಬ್ರಿಟನ್ನಿಗೆ ಹೋಯಿತು. ಮುಂದೆ ಅಲ್ಲಿ 'ಆಸ್ತಮಾ ಸಿಗರೇಟು'ಗಳು ಮಾರಾಟಕ್ಕೆ ಬಂದವು. ಒಂದೇ ಗಿಡ ಕಣ್ಣಿನ ಪಾಪೆಯನ್ನೂ ಅಗಲಿಸುತ್ತಿತ್ತು, ಶ್ವಾಸನಾಳವನ್ನೂ ಅಗಲಿಸುತ್ತಿತ್ತು. ಕಣ್ಣಿಗೂ ಎದೆಗೂ ಇರುವ ಈ ನಂಟನ್ನು ನೆನಪಿಟ್ಟುಕೊಳ್ಳಬೇಕು. ನೂರೆಪ್ಪತ್ತೈದು ವರ್ಷಗಳ ನಂತರ ಅದನ್ನು ಮರೆತದ್ದಕ್ಕೆ ಜನ ಬೆಲೆ ತೆತ್ತರು.

ಗ್ಲುಕೋಮಾಕ್ಕೂ ಉಮ್ಮತ್ತಿಗೂ ಏನು ಸಂಬಂಧ? ಕಣ್ಣನ್ನು ಕೆರೆ ಎಂದುಕೊಳ್ಳಿ. ಒಳಗೆ ಒಂದು ಕಡೆ ನೀರು ಸದಾ ಒಸರುತ್ತಿರುತ್ತದೆ. ಕಪ್ಪುಗುಡ್ಡೆಯ ಅಂಚಿನ ಸಣ್ಣ ಮೂಲೆಯ ತೂಬಿನಿಂದ ಅದು ಹೊರಗೆ ಹರಿಯುತ್ತದೆ. ತೂಬು ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಏರಿದ ಒತ್ತಡ ಹಿಂಬದಿಯ ದೃಷ್ಟಿನರವನ್ನು ಮೆಲ್ಲಮೆಲ್ಲನೆ ಸಾಯಿಸುತ್ತದೆ. ಹೀಗೆ ಹೋದ ನೋಟ ಮರಳಿ ಬರುವುದಿಲ್ಲ. ಕೆಲವರಿಗೆ ಈ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಅಂಥವರ ಪಾಪೆಯನ್ನು ಅಟ್ರೊಪಿನ್ ಅಗಲಿಸಿದರೆ ಸುತ್ತಲಿನ ಪರದೆ ಮಡಚಿಕೊಂಡು ತೂಬಿಗೇ ಅಡ್ಡ ಬರುತ್ತದೆ. ಕೆಲವೇ ಗಂಟೆಗಳಲ್ಲಿ ತಲೆ ಸಿಡಿಯುವ ನೋವು, ವಾಂತಿ, ಕಣ್ಣು ಕೆಂಡ. ಹಾಗಾದರೆ ಪಾಪೆಯನ್ನು ಕಿರಿದುಮಾಡುವ ಔಷಧಿ ಸಿಕ್ಕರೆ ತೂಬು ತೆರೆಯಬೇಕಲ್ಲವೆ? ಅದು ಸಿಕ್ಕಿದ್ದು ಆಫ್ರಿಕಾದಲ್ಲಿ.

ಈಗಿನ ನೈಜೀರಿಯಾದ ಕಲಬಾರ್‌ನಲ್ಲಿ ಎಫಿಕ್ ಜನ 'ಎಸೆರೆ' ಎಂಬ ಕಾಳನ್ನು ಆಣೆ-ಪ್ರಮಾಣಕ್ಕೆ ಬಳಸುತ್ತಿದ್ದರು. ಆರೋಪ ಹೊತ್ತವನು ಅದನ್ನು ತಿನ್ನಬೇಕು. ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ಕಾಳು ಮಿಷನರಿಗಳ ಮೂಲಕ ಎಡಿನ್‌ಬರೋ ತಲುಪಿತು. ಅಲ್ಲಿನ ವಿಷಶಾಸ್ತ್ರಜ್ಞ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ಅದನ್ನು ತಾನೇ ತಿಂದು ನೋಡಿದ. ಕೈಕಾಲು ಸೋತಾಗ ಗಡ್ಡ ಹೆರೆದ ನೀರನ್ನೇ ಕುಡಿದು ವಾಂತಿ ಮಾಡಿಕೊಂಡು ಪಾರಾದ. ಅದೇ ಊರಿನ ಥಾಮಸ್ ಫ್ರೇಸರ್ 1862ರಲ್ಲಿ ಈ ಕಾಳಿನ ಮೇಲೆಯೇ ತನ್ನ ಪ್ರಬಂಧ ಬರೆದ. ಮರುವರ್ಷ ಕಣ್ಣಿನ ವೈದ್ಯ ಆರ್ಗೈಲ್ ರಾಬರ್ಟ್‌ಸನ್ ಕಾಳಿನ ಸತ್ವವನ್ನು ತನ್ನ ಕಣ್ಣಿಗೆ ಬಿಟ್ಟುಕೊಂಡ. ಪಾಪೆ ಸೂಜಿಮೊನೆಯಷ್ಟು ಕಿರಿದಾಯಿತು. ಅಟ್ರೊಪಿನ್ ಅಗಲಿಸಿದ್ದನ್ನು ಈ ಕಾಳು ಕಿರಿದುಮಾಡುತ್ತದೆ ಎಂದು ಆತ ತೋರಿಸಿದ.

1864ರಲ್ಲಿ ಪ್ರಾಗ್ ನಗರದಲ್ಲಿ ಕೆಲವು ಕೈದಿಗಳು ಸಾರಾಯಿ ಎಂದುಕೊಂಡು ಅಟ್ರೊಪಿನ್ ದ್ರಾವಣ ಕುಡಿದುಬಿಟ್ಟರು. ಕ್ಲೈನ್‌ವೆಕ್ಟರ್ ಎಂಬ ಯುವ ವೈದ್ಯ ಪಾಪೆಯ ಸುದ್ದಿ ಕೇಳಿದ್ದ. ಕಣ್ಣಿನಲ್ಲಿ ಎದುರಾಳಿಗಳಾದವು ಮೈಯಲ್ಲೂ ಎದುರಾಳಿಗಳಾಗಿರಬೇಕು ಎಂದು ಯೋಚಿಸಿ ಕಲಬಾರ್ ಕಾಳಿನ ಸತ್ವ ಕೊಟ್ಟ, ಕೈದಿ ಚೇತರಿಸಿಕೊಂಡ. ನನಗೆ ಈ ಘಟನೆ ಮುಖ್ಯ. ಕಣ್ಣಿನಲ್ಲಿ ಕಂಡದ್ದು ಇಡೀ ಮೈಯ ವಿಷಯ ಎಂಬುದನ್ನು ಆ ಹುಡುಗ ಅಂದೇ ಹಿಡಿದಿದ್ದ. ಕಾಳಿನ ಸಾರಕ್ಕೆ ಎಸೆರೆಯಿಂದಲೇ 'ಎಸೆರಿನ್' ಎಂಬ ಹೆಸರು ಬಂತು. 1876ರಲ್ಲಿ ಸ್ಟ್ರಾಸ್‌ಬರ್ಗಿನ ಲುಡ್ವಿಗ್ ಲಾಕರ್ ಅದನ್ನು ಗ್ಲುಕೋಮಾಕ್ಕೆ ಹನಿಯಾಗಿ ಬಳಸಿದ. ಆತನಿಗೂ ಗ್ಲುಕೋಮಾ ಇತ್ತು. ಅದೇ ಕಾಲದಲ್ಲಿ ಬ್ರೆಜಿಲ್‌ನ ಜಬೊರಾಂಡಿ ಎಲೆಯಿಂದ ಪಿಲೊಕಾರ್ಪಿನ್ ಬಂತು. ಮುಂದಿನ ನೂರು ವರ್ಷ ಈ ಎರಡರದೇ ಆಳ್ವಿಕೆ.

ಆ ಹನಿಗಳು ನಮ್ಮ ಕಡೆಯವರಿಗೆ ಎಷ್ಟು ದಕ್ಕಬಹುದಿತ್ತು? ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆಯಲ್ಲಿ, ಅಂದರೆ ಮದರಾಸು ಪ್ರಾಂತ್ಯದಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರಲ್ಲಿ. ಆಮೇಲೆ ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಪ್ರಾಂತ್ಯದ ಕಾಲದಲ್ಲಿ ಸರ್ಕಾರದ ದೊಡ್ಡ ಕಣ್ಣಾಸ್ಪತ್ರೆ ಇದ್ದದ್ದು ಮದರಾಸಿನಲ್ಲಿ, 1819ರಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಗ್ಲುಕೋಮಾಕ್ಕೆ ಒಂದು ಶಸ್ತ್ರಚಿಕಿತ್ಸೆ ರೂಪಿಸಿದ. ಕಣ್ಣಿನ ಬಿಳಿಭಾಗದ ಅಂಚಿನಲ್ಲಿ ಸಣ್ಣ ದುಂಡು ತೂತು ಕೊರೆದು ನೀರಿಗೆ ಹೊಸ ತೂಬು ಮಾಡುವ ಕ್ರಮ ಅದು. ಮದರಾಸಿನಿಂದ ಅದು ಜಗತ್ತಿಗೆ ಹರಡಿತು. ಪಿಲೊಕಾರ್ಪಿನ್ ಹನಿಯನ್ನು ದಿನಕ್ಕೆ ಮೂರು ನಾಲ್ಕು ಸಲ, ಬದುಕಿರುವಷ್ಟು ಕಾಲ ಬಿಡಬೇಕು. ಬಳ್ಳಾರಿಯಾಚೆಯ ಹಳ್ಳಿಯಿಂದ ಮದರಾಸಿಗೆ ಹೋದ ರೈತನಿಗೆ ಯಾವುದು ಆಗುವ ಮಾತು, ಯಾವುದು ಆಗದ ಮಾತು ಎಂದು ಊಹಿಸುವುದು ಕಷ್ಟವಲ್ಲ.

ಸ್ವಾತಂತ್ರ್ಯದ ನಂತರ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಹೂಡಿ ಪೊರೆ ತೆಗೆದರು. ಕುರುಡರಾಗಿ ಬಂದವರು ನೋಡುತ್ತ ಮನೆಗೆ ಹೋದರು. ಆ ಉಪಕಾರ ದೊಡ್ಡದು. ಆದರೆ ಆ ಶಿಬಿರಗಳ ನೆನಪಿನಲ್ಲಿ ಬೆಳೆದ ನಮ್ಮ ಜನಕ್ಕೆ ಕಣ್ಣಿನ ರೋಗವೆಂದರೆ ಪೊರೆ, ಚಿಕಿತ್ಸೆಯೆಂದರೆ ಒಂದು ಆಪರೇಷನ್ ಎಂದಾಯಿತು. ಆಪರೇಷನ್ನಿನ ನಂತರ ಬಿಡುವ ಹನಿ ಕೆಲವು ವಾರಗಳ ಉಪಚಾರ ಮಾತ್ರ. ಗ್ಲುಕೋಮಾದ ಹನಿ ಹಾಗಲ್ಲ. ಅದು ಸಕ್ಕರೆ ಕಾಯಿಲೆಯ ಗುಳಿಗೆಯಂತೆ ಜೀವಮಾನದ್ದು. ಈ ವ್ಯತ್ಯಾಸವನ್ನು ಹೇಳುವ ಮಾತು ನಮ್ಮಲ್ಲಿ ಬೆಳೆಯಲೇ ಇಲ್ಲ.

ಕಲಬಾರ್ ಕಾಳಿನ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ನರಗಳು ಸ್ನಾಯುಗಳಿಗೆ ಸುದ್ದಿ ಮುಟ್ಟಿಸಲು ಬಳಸುವ ಒಂದು ರಾಸಾಯನಿಕವಿದೆ, ಅಸಿಟೈಲ್‌ಕೋಲಿನ್. ಕೆಲಸವಾದ ಮೇಲೆ ಅದನ್ನು ಒಡೆದುಹಾಕಲು ಒಂದು ಕಿಣ್ವವಿದೆ. ಎಸೆರಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಇದೇ ದಾರಿಯಲ್ಲಿ ಕೆಲಸ ಮಾಡುವ, ಹೆಚ್ಚು ಕಾಲ ಉಳಿಯುವ ಎಕೋಥಿಯೊಫೇಟ್ ಎಂಬ ಹನಿ 1950ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಳಕೆಗೆ ಬಂತು. ಅದನ್ನು ಬಿಟ್ಟುಕೊಳ್ಳುತ್ತಿದ್ದವರಿಗೆ ಬೇರೆ ಯಾವುದೋ ಆಪರೇಷನ್ ಆಗುವಾಗ ಸಕ್ಸಿನಿಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಚುಚ್ಚುಮದ್ದು ಕೊಟ್ಟರೆ, ನಿಮಿಷಗಳಲ್ಲಿ ಇಳಿಯಬೇಕಾದ ಅದರ ಪ್ರಭಾವ ಇಳಿಯುತ್ತಿರಲಿಲ್ಲ, ಉಸಿರು ಮರಳುತ್ತಿರಲಿಲ್ಲ. ಅದನ್ನು ಕರಗಿಸಬೇಕಾದ ರಕ್ತದ ಕಿಣ್ವವನ್ನು ಕಣ್ಣಿನ ಹನಿ ಆಗಲೇ ಬತ್ತಿಸಿರುತ್ತಿತ್ತು. 1960ರ ದಶಕದಲ್ಲಿ ಇಂಥ ಪ್ರಕರಣಗಳು ವರದಿಯಾದವು. ಹನಿ ಮೈಗೆಲ್ಲ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

ಇದರ ಇನ್ನೊಂದು ಎಳೆ ನೇರ ನಮ್ಮ ಹೊಲಕ್ಕೇ ಬರುತ್ತದೆ. ಎಸೆರಿನ್‌ನ ರಚನೆಯನ್ನು ಅನುಸರಿಸಿ ರಸಾಯನಶಾಸ್ತ್ರಜ್ಞರು ಕಾರ್ಬಮೇಟ್ ಕೀಟನಾಶಕಗಳನ್ನು ಮಾಡಿದರು. ಎಕೋಥಿಯೊಫೇಟ್ ಸ್ವತಃ ಆರ್ಗನೋಫಾಸ್ಫೇಟ್ ಕೀಟನಾಶಕಗಳ ಜ್ಞಾತಿ. ಆದ್ದರಿಂದ ಆ ಹನಿ ಬಳಸುವ ರೈತರು, ತೋಟದ ಕೆಲಸದವರು ಇಂಥ ಕೀಟನಾಶಕಗಳ ಬಗ್ಗೆ ಎಚ್ಚರದಿಂದಿರಬೇಕೆಂದು ಅದರ ಜೊತೆಗೇ ಸೂಚನೆ ಇರುತ್ತಿತ್ತು. ನಮ್ಮ ಕಡೆ ಮೆಕ್ಕೆಜೋಳಕ್ಕೆ, ಹತ್ತಿಗೆ 'ಔಷಧಿ ಹೊಡೆಯುವುದು' ಎನ್ನುತ್ತೇವೆ. ಹೊಡೆಯುವಾಗ ಮೈಗೇರಿ ಬಿದ್ದವರನ್ನು ಆಸ್ಪತ್ರೆಗೆ ತಂದರೆ ಕೊಡುವ ಚುಚ್ಚುಮದ್ದು ಅಟ್ರೊಪಿನ್. ಪ್ರಾಗ್‌ನಲ್ಲಿ ಅಟ್ರೊಪಿನ್‌ಗೆ ಕಾಳು ಎದುರಾಳಿ. ಇಲ್ಲಿ ಕಾಳಿನ ವಂಶದ ವಿಷಕ್ಕೆ ಉಮ್ಮತ್ತಿಯ ಸಾರ ಎದುರಾಳಿ. ಕನ್ನಡದ 'ಮದ್ದು' ಎಂಬ ಮಾತಿಗೆ ಔಷಧಿ, ವಿಷ ಎರಡೂ ಅರ್ಥ ಇರುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ತಿಳಿದಿದ್ದರೂ ಮರೆವು ಬಂತು. ಅದು ಬಂದದ್ದು ಒಂದು ಒಳ್ಳೆಯ ಔಷಧಿಯ ಜೊತೆಗೆ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ರೂಪಿಸಿದರು. ಹೃದಯದ ಬಡಿತ ತಗ್ಗಿಸುವ ಆ ಔಷಧಿ ಕಣ್ಣಿನ ಒತ್ತಡವನ್ನೂ ಇಳಿಸುತ್ತದೆ ಎಂಬುದು 1967ರ ಹೊತ್ತಿಗೆ ಗೊತ್ತಾಯಿತು. ಅದೇ ಕುಲದ ಟಿಮೊಲಾಲ್ 1978ರಲ್ಲಿ ಅಮೆರಿಕದಲ್ಲಿ ಕಣ್ಣಿನ ಹನಿಯಾಗಿ ಅನುಮತಿ ಪಡೆಯಿತು. ಪಿಲೊಕಾರ್ಪಿನ್ ಪಾಪೆಯನ್ನು ಕಿರಿದಾಗಿಸಿ ನೋಟ ಮಬ್ಬುಮಾಡುತ್ತಿತ್ತು, ಹುಬ್ಬುನೋವು ತರುತ್ತಿತ್ತು. ಟಿಮೊಲಾಲ್‌ಗೆ ಆ ತೊಂದರೆ ಇಲ್ಲ, ದಿನಕ್ಕೆ ಎರಡೇ ಸಲ. ಅದು ಗ್ಲುಕೋಮಾದ ಚಿಕಿತ್ಸೆಯನ್ನೇ ಬದಲಿಸಿತು. ಇಂದಿಗೂ ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬಡವರಿಗೆ ಎಟಕುವ ಬೆಲೆಯಲ್ಲಿದೆ.

ಆದರೆ ಒಂದು ಹನಿ ಎಲ್ಲಿಗೆ ಹೋಗುತ್ತದೆ? ಬಾಟಲಿಯಿಂದ ಬೀಳುವ ಹನಿ 30ರಿಂದ 50 ಮೈಕ್ರೊಲೀಟರ್ ಇರುತ್ತದೆ. ಕಣ್ಣಿನ ಮೇಲೆ ಸಾಮಾನ್ಯವಾಗಿ ಇರುವ ಕಣ್ಣೀರು 7 ಮೈಕ್ರೊಲೀಟರ್‌ನಷ್ಟು. ಹೆಚ್ಚಾದದ್ದು ಕೆನ್ನೆಗೆ ಇಳಿಯುತ್ತದೆ, ಇಲ್ಲವೆ ಕಣ್ಣಿನ ಒಳಮೂಲೆಯ ಸಣ್ಣ ರಂಧ್ರದಿಂದ ಮೂಗಿಗೆ ಇಳಿಯುತ್ತದೆ. ಅಳುವಾಗ ಮೂಗು ಸೋರುವುದು ಇದೇ ದಾರಿಯಿಂದ. ಮೂಗಿನ ಒಳಪೊರೆ ಔಷಧಿಯನ್ನು ನೇರ ರಕ್ತಕ್ಕೆ ಬಿಡುತ್ತದೆ. ನುಂಗಿದ ಗುಳಿಗೆ ಮೊದಲು ಯಕೃತ್ತನ್ನು ದಾಟಬೇಕು. ಅಲ್ಲಿ ಅದರ ಶಕ್ತಿ ಒಂದಷ್ಟು ಕುಂದುತ್ತದೆ. ಹನಿಗೆ ಆ ಸುಂಕದಕಟ್ಟೆ ಇಲ್ಲ.

ಬೀಟಾ ಬ್ಲಾಕರ್ ಶ್ವಾಸನಾಳವನ್ನು ಬಿಗಿಯುತ್ತದೆ. ಉಬ್ಬಸ ಇದ್ದವರಿಗೆ ಈ ಹನಿ ಬಿಟ್ಟಾಗ ಉಸಿರು ಕಟ್ಟಿತು. ನಾಡಿ ಮೊದಲೇ ನಿಧಾನವಿದ್ದವರು ಕುಸಿದರು. 1978ರಿಂದ 1985ರವರೆಗಿನ ವರದಿಗಳನ್ನು ಒಟ್ಟುಮಾಡಿ 1986ರಲ್ಲಿ ಪ್ರಕಟಿಸಿದಾಗ ಉಸಿರಾಟ ಮತ್ತು ಹೃದಯಕ್ಕೆ ಸಂಬಂಧಿಸಿದ ಗಂಭೀರ ಪ್ರಕರಣಗಳು 450, ಸಾವುಗಳು 32 ಇದ್ದವು. ದತ್ತೂರದ ಹೊಗೆ ಮದರಾಸಿನಿಂದ ಹೊತ್ತೊಯ್ದಿದ್ದ ಪಾಠವನ್ನು ವೈದ್ಯಲೋಕ ಹೀಗೆ ಎರಡನೆಯ ಸಲ ಕಲಿಯಬೇಕಾಯಿತು.

ಇಂದು ಈ ಪಾಠ ಪಠ್ಯಪುಸ್ತಕಗಳಲ್ಲಿದೆ. ಟಿಮೊಲಾಲ್ ಹನಿಯ ಜೊತೆ ಬೀಟಾ ಬ್ಲಾಕರ್ ಗುಳಿಗೆ ಸೇರಿದರೆ ಕಣ್ಣಿಗೆ ಹೆಚ್ಚಿನ ಲಾಭವಿಲ್ಲ, ಹೃದಯಕ್ಕೆ ಅಪಾಯ ಹೆಚ್ಚು. ವೆರಾಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಜೊತೆಗೂ ಬಡಿತ ಕುಸಿಯಬಹುದು. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಗುಳಿಗೆಗಳು ಟಿಮೊಲಾಲ್ ಮೈಯಿಂದ ಹೊರಹೋಗುವುದನ್ನು ತಡಮಾಡುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವ, ಕೈ ನಡುಗುವ ಮುನ್ಸೂಚನೆಯನ್ನೇ ಅದು ಮುಚ್ಚಿಬಿಡಬಹುದು. ಬ್ರಿಮೊನಿಡಿನ್ ಎಂಬ ಇನ್ನೊಂದು ಹನಿ ನಿದ್ದೆಗುಳಿಗೆಯ ಮಂಪರನ್ನು ಹೆಚ್ಚಿಸಬಲ್ಲದು. ಒತ್ತಡ ಇಳಿಸಲು ನುಂಗುವ ಅಸಿಟಜೋಲಮೈಡ್ ಗುಳಿಗೆಗೂ ದೊಡ್ಡ ಪ್ರಮಾಣದ ಆಸ್ಪಿರಿನ್‌ಗೂ ಆಗಿಬರುವುದಿಲ್ಲ.

ಸಂಚಾರ ಎದುರು ದಿಕ್ಕಿನಲ್ಲೂ ಇದೆ. ಉಬ್ಬಸಕ್ಕೆ ಮುಖವಾಡದ ಮೂಲಕ ಕೊಡುವ ಇಪ್ರಟ್ರೋಪಿಯಂ ಅಟ್ರೊಪಿನ್‌ನ ಮಗಳೇ. ಮುಖವಾಡ ಸಡಿಲವಿದ್ದು ಆವಿ ಕಣ್ಣಿಗೆ ತಾಗಿದರೆ, ಇಕ್ಕಟ್ಟು ಮೂಲೆಯ ಕಣ್ಣಿನಲ್ಲಿ ಒತ್ತಡ ಒಮ್ಮೆಲೇ ಏರಬಹುದು. ಕಣ್ಣು ಕೆಂಪಾಯಿತೆಂದು ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಬಿಡುವ ಸ್ಟೆರಾಯ್ಡ್ ಹನಿ ಸದ್ದಿಲ್ಲದೆ ಗ್ಲುಕೋಮಾವನ್ನೇ ತರಬಲ್ಲದು.

ಇದನ್ನು ಓದಿ ಯಾರೂ ಹನಿ ನಿಲ್ಲಿಸಬಾರದು. ಹನಿ ಬಿಟ್ಟರೆ ಅಪಾಯ ಕೆಲವರಿಗೆ. ಗ್ಲುಕೋಮಾ ಇರುವವರು ಡಾಕ್ಟರನ್ನು ಕೇಳದೆ ಹನಿ ನಿಲ್ಲಿಸಿದರೆ ನೋಟಕ್ಕೇ ಅಪಾಯ. ಮಾಡಬೇಕಾದದ್ದು ಸಣ್ಣದು. ಯಾವ ಡಾಕ್ಟರ ಬಳಿ ಹೋದರೂ ಹನಿಯ ಬಾಟಲಿಯನ್ನು ಗುಳಿಗೆಯ ಜೊತೆಗೇ ಒಯ್ಯಬೇಕು. ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಕೆಲವು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಮೂಗಿಗೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡುವಿರಬೇಕು. ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ.

ಅಜ್ಜನ ಹೊಸ ಗುಳಿಗೆ ನಿಲ್ಲಿಸಿದರು. ಕಣ್ಣಿನ ಡಾಕ್ಟರು ಟಿಮೊಲಾಲ್ ಬದಲು ರಾತ್ರಿ ಮಾತ್ರ ಬಿಡುವ ಲ್ಯಾಟನೊಪ್ರೋಸ್ಟ್ ಬರೆದುಕೊಟ್ಟರು. ನಾಡಿ ನಾಲ್ಕು ದಿನದಲ್ಲಿ ಸರಿಹೋಯಿತು. ಬಾಟಲಿಯನ್ನು ದೇವರ ಗೂಡಿನಿಂದ ಗುಳಿಗೆಯ ಚೀಲಕ್ಕೆ ಹಾಕು ಎಂದು ನಾನು ಎಷ್ಟು ಹೇಳಿದರೂ ಅಜ್ಜ ಒಪ್ಪಲಿಲ್ಲ. "ಅಲ್ಲಿದ್ರೆ ನೆನಪಿರ್ತತಿ" ಎಂದ. ಅವನ ಮಾತೂ ಸರಿ. ಏಳು ವರ್ಷ ಒಂದು ದಿನವೂ ತಪ್ಪದ್ದಕ್ಕೆ ಆ ಗೂಡೇ ಕಾರಣ. ಹಾಗಾಗಿ ಚೀಲದೊಳಗಿನ ಚೀಟಿಯ ಮೇಲೆ ಹನಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ.

ಹೋದ ತಿಂಗಳು ತಪಾಸಣೆಗೆ ಕರೆದೊಯ್ದಿದ್ದೆ. ಡಾಕ್ಟರು ಬೇರೆಯವರು, ಪ್ರಶ್ನೆ ಅದೇ: "ಎಷ್ಟು ಗುಳಿಗಿ ತಗೊಂತೀಯಜ್ಜ?"

ಅಜ್ಜ ಚೀಟಿ ತೆಗೆಯಲಿಲ್ಲ. "ಎರಡು ಗುಳಿಗಿ, ಒಂದು ಹನಿ" ಎಂದ.